ಬಾಯಾರಿಕೆಯೆಲ್ಲ ಬಿಸಿಲಿನದಲ್ಲ: ಮಧುಮೇಹದ ಮೊದಲ ಸೂಚನೆಗಳನ್ನು ಅರಿಯೋಣ



ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸೀಮೆಯ ಬೇಸಿಗೆ ಎಂತಹುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೈತ್ರ, ವೈಶಾಖಗಳಲ್ಲಿ ತಾಪಮಾನವು 40 ಡಿಗ್ರಿಯನ್ನು ದಾಟುತ್ತದೆ. ಹೊಲದಲ್ಲಿ ದುಡಿಯುವವರು, ಫರಸಿ ಕಲ್ಲಿನ ಗಣಿಗಳಲ್ಲಿ ಕಲ್ಲು ಎಬ್ಬಿಸುವವರು, ಸಿಮೆಂಟ್ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು, ಲಾರಿ ನಡೆಸುವವರು ಎಲ್ಲರೂ ದಿನಕ್ಕೆ ಹತ್ತಾರು ಸಲ ನೀರು ಕುಡಿಯುತ್ತಾರೆ. ಯಾರಾದರೂ ಮಿತಿಮೀರಿ ನೀರು ಕುಡಿದರೆ, ದಣಿದು ಕುಳಿತರೆ, "ಉಷ್ಣ ಆಗ್ಯಾದ" ಎಂದು ಮನೆಯವರು ಮಜ್ಜಿಗೆಯನ್ನೋ ಪಾನಕವನ್ನೋ ಕೊಡುತ್ತಾರೆ. ಬಹಳಷ್ಟು ಸಲ ಆ ಮಾತು ಸರಿಯೇ ಆಗಿರುತ್ತದೆ. ಆದರೆ ಕೆಲವೊಮ್ಮೆ ಅದೇ ಮಾತಿನ ಮರೆಯಲ್ಲಿ ಒಂದು ದೀರ್ಘಕಾಲದ ವ್ಯಾಧಿಯು ಸದ್ದಿಲ್ಲದೆ ಮನೆಯನ್ನು ಪ್ರವೇಶಿಸಿರುತ್ತದೆ. ಅದೇ ಮಧುಮೇಹ. ನಮ್ಮ ಜನರ ಬಾಯಲ್ಲಿ ಅದು ಸಕ್ಕರೆ ಕಾಯಿಲೆ, ಸಕ್ರಿ ಬ್ಯಾನಿ, ಇಲ್ಲವೇ ಬರಿಯ ಶುಗರ್.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರಿಗೆ ನಲವತ್ತೈದು ವರ್ಷ. ಬೇಸಿಗೆಯಲ್ಲಿ ಬಾಯಾರಿಕೆ ಹೆಚ್ಚಾಯಿತು; ಬಿಸಿಲೆಂದರು. ರಾತ್ರಿ ಮೂರು ಸಲ ಎದ್ದು ಮೂತ್ರಕ್ಕೆ ಹೋಗತೊಡಗಿದರು; ನೀರು ಹೆಚ್ಚು ಕುಡಿದದ್ದಕ್ಕೆಂದರು. ಮೈ ಇಳಿಯಿತು, ದುಡಿಮೆ ಹೆಚ್ಚಾಗಿದೆಯೆಂದರು. ಅಕ್ಷರಗಳು ಮಸುಕಾದವು; ವಯಸ್ಸಾಯಿತೆಂದರು. ಕಾಲು ಜುಮ್ಮೆನ್ನತೊಡಗಿತು, ವಾಯು ಎಂದರು. ಎರಡು ವರ್ಷ ಕಳೆದ ಮೇಲೆ ತೊಗರಿಯ ಕೂಳೆ ಚುಚ್ಚಿ ಕಾಲಿಗೆ ಗಾಯವಾಯಿತು. ತಿಂಗಳಾದರೂ ಅದು ಮಾಯಲಿಲ್ಲ. ಆಸ್ಪತ್ರೆಗೆ ಹೋದಾಗ ವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕಾಯಿಲೆಯ ಹೆಸರು ತಿಳಿಯುವ ವೇಳೆಗೆ ಒಂದು ಬೆರಳು ಕಪ್ಪಾಗಿತ್ತು.

ಇದು ಯಾವುದೋ ಒಂದು ನಿರ್ದಿಷ್ಟ ಮನೆಯ ಕಥೆಯಲ್ಲ. ನಾವು ತಿಳಿವಳಿಕೆಗಾಗಿ ಹೆಣೆದುಕೊಂಡದ್ದು. ಆದರೆ ಇದರಲ್ಲಿ ಬರುವ ಒಂದೊಂದು ಮಾತನ್ನೂ ನಾವೆಲ್ಲರೂ ಒಂದಲ್ಲ ಒಂದು ಕಡೆ ಕೇಳಿದ್ದೇವೆ. ದೇಹವು ಐದು ಸಲ ಎಚ್ಚರಿಸಿತು. ಐದು ಸಲವೂ ಬೇರೊಂದು ಕಾರಣ ಸಿದ್ಧವಾಗಿತ್ತು. ಈ ಲೇಖನದ ಉದ್ದೇಶವು ಒಂದೇ. ಆ ಎಚ್ಚರಿಕೆಗಳನ್ನು ಅವುಗಳ ನಿಜವಾದ ಹೆಸರಿನಿಂದ ಗುರುತಿಸುವುದನ್ನು ಕಲಿಯೋಣ. ಎಚ್ಚರಿಕೆಯೇ ಇಲ್ಲದಿದ್ದಾಗಲೂ ಪರೀಕ್ಷೆ ಏಕೆ ಬೇಕೆಂಬುದನ್ನು ಅರಿಯೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಇಂಡಿಯಾಬ್ ಅಧ್ಯಯನದ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಸುಮಾರು 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಇದು ಪಟ್ಟಣದ ಸಿರಿವಂತರ ಕಾಯಿಲೆ ಎಂಬ ಕಾಲವು ಕಳೆದುಹೋಗಿದೆ.

ದೇಹದೊಳಗೆ ನಡೆಯುವುದೇನು?

ನಾವು ಉಣ್ಣುವ ರೊಟ್ಟಿ, ಅನ್ನ, ಚಪಾತಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲುಕೋಸ್ ಎಂಬ ಸಕ್ಕರೆಯಾಗುತ್ತದೆ. ಆ ಸಕ್ಕರೆಯು ರಕ್ತದ ಮೂಲಕ ದೇಹದ ಎಲ್ಲ ಜೀವಕೋಶಗಳಿಗೂ ತಲುಪಬೇಕು. ಅದೇ ನಮ್ಮ ದುಡಿಮೆಯ ಶಕ್ತಿ. ಜೀವಕೋಶದ ಬಾಗಿಲನ್ನು ತೆರೆಯುವ ಬೀಗದ ಕೈ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಅದನ್ನು ತಯಾರಿಸುತ್ತದೆ. ಇನ್ಸುಲಿನ್ ಸಾಲದಾದರೆ, ಅಥವಾ ಇದ್ದರೂ ದೇಹವು ಅದಕ್ಕೆ ಓಗೊಡದಿದ್ದರೆ, ಸಕ್ಕರೆಯು ಒಳಗೆ ಹೋಗಲಾರದೆ ರಕ್ತದಲ್ಲಿಯೇ ಉಳಿಯುತ್ತದೆ. ಕಣಜ ತುಂಬಿದ್ದರೂ ಮನೆಯವರು ಹಸಿದಿರುವ ಸ್ಥಿತಿ ಇದು.

ಮೂತ್ರಪಿಂಡಗಳು ರಕ್ತವನ್ನು ಸೋಸುವಾಗ ಸಕ್ಕರೆಯನ್ನು ಚೆಲ್ಲದೆ ರಕ್ತಕ್ಕೆ ಮರಳಿಸುತ್ತವೆ. ಆದರೆ ಅವುಗಳ ಶಕ್ತಿಗೂ ಒಂದು ಮಿತಿಯಿದೆ. 100 ಮಿ.ಲೀ. ರಕ್ತದಲ್ಲಿ ಸಕ್ಕರೆಯು ಸುಮಾರು 180 ಮಿ.ಗ್ರಾಂ. ದಾಟಿದರೆ ಹೆಚ್ಚಾದದ್ದು ಮೂತ್ರದಲ್ಲಿ ಹರಿದುಹೋಗುತ್ತದೆ. ಹೋಗುವಾಗ ನೀರನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಮೂತ್ರ ಹೆಚ್ಚುವುದು ಇದರಿಂದ. ಕಳೆದ ನೀರನ್ನು ತುಂಬಿಕೊಳ್ಳಲು ಬಾಯಾರಿಕೆ ಹುಟ್ಟುವುದು ಅದರಿಂದ. ನೀರು ಹೆಚ್ಚು ಕುಡಿದುದಕ್ಕೆ ಮೂತ್ರ ಹೆಚ್ಚಿತೆಂದು ನಾವು ತಿಳಿಯುತ್ತೇವೆ. ಈ ಕಾಯಿಲೆಯಲ್ಲಿ ನಡೆಯುವುದು ಅದಕ್ಕೆ ವಿರುದ್ಧವಾದುದು.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಡಬೇಕು. ಬರಿಹೊಟ್ಟೆಯಲ್ಲಿ ಸಕ್ಕರೆಯು 126 ಮುಟ್ಟಿದರೆ ವೈದ್ಯರು ಅದನ್ನು ಮಧುಮೇಹವೆನ್ನುತ್ತಾರೆ. ಮೂತ್ರಕ್ಕೆ ಸಕ್ಕರೆ ಬೀಳುವುದು 180ರ ಆಸುಪಾಸಿನಲ್ಲಿ. ಇವೆರಡರ ನಡುವಿನ ಅಂತರದಲ್ಲಿ ಮನುಷ್ಯನು ಬಾಯಾರಿಕೆಯಾಗಲಿ, ಬಳಲಿಕೆಯಾಗಲಿ ಇಲ್ಲದೆ ವರ್ಷಗಟ್ಟಲೆ ಇರಬಲ್ಲನು. ಆದಕಾರಣ ಸೂಚನೆ ಕಂಡ ದಿನವೇ ಕಾಯಿಲೆ ಬಂದ ದಿನವೆಂದು ತಿಳಿಯಬಾರದು. ಅದು ಬಹಳ ಹಿಂದೆಯೇ ಬಂದು, ಈಗ ಬಾಗಿಲು ತಟ್ಟುತ್ತಿರುತ್ತದೆ.

ಗಮನಿಸಬೇಕಾದ ಎಂಟು ಸೂಚನೆಗಳು

ಒಂದು, ಪದೇ ಪದೇ ಮೂತ್ರ. ಮುಖ್ಯವಾಗಿ ರಾತ್ರಿಯನ್ನು ಗಮನಿಸಬೇಕು. ಮೊದಲು ಬೆಳಗಿನವರೆಗೆ ನಿದ್ರಿಸುತ್ತಿದ್ದವರು ಈಗ ಎರಡು ಮೂರು ಸಲ ಏಳುತ್ತಿದ್ದರೆ ಅದು ವಿಚಾರಿಸಬೇಕಾದ ಸಂಗತಿ. ವಯಸ್ಸಾದ ಗಂಡಸರಲ್ಲಿ ಇದಕ್ಕೆ ಬೇರೆ ಕಾರಣಗಳೂ ಇರುವುದುಂಟು. ಯಾವ ಕಾರಣವೆಂಬುದನ್ನು ಪರೀಕ್ಷೆಯು ಹೇಳಬೇಕೇ ಹೊರತು ನಮ್ಮ ಊಹೆಯಲ್ಲ.

ಎರಡು, ತಣಿಯದ ಬಾಯಾರಿಕೆ. ಬಿಸಿಲಿನ ಬಾಯಾರಿಕೆಗೂ ಈ ಬಾಯಾರಿಕೆಗೂ ಇರುವ ಭೇದವನ್ನು ನಮ್ಮ ಸೀಮೆಯವರು ವಿಶೇಷವಾಗಿ ತಿಳಿದಿರಬೇಕು. ಬಿಸಿಲಿನಲ್ಲಿ ಬೆವರು ಹರಿದು ದೇಹದ ನೀರು ಕಡಿಮೆಯಾದಾಗ ಮೂತ್ರವು ಸ್ವಲ್ಪವೇ ಆಗುತ್ತದೆ, ಗಾಢ ಹಳದಿಯಾಗಿರುತ್ತದೆ; ನೆರಳಿನಲ್ಲಿ ಕುಳಿತು ನೀರು ಕುಡಿದರೆ ಬಾಯಾರಿಕೆ ತಣಿಯುತ್ತದೆ. ಮಧುಮೇಹದಲ್ಲಿ ಬಾಯಿ ಒಣಗುತ್ತಿದ್ದರೂ ಮೂತ್ರವು ಧಾರಾಳವಾಗಿ ಹೋಗುತ್ತಿರುತ್ತದೆ. ಎಷ್ಟು ಕುಡಿದರೂ ಸಮಾಧಾನವಿಲ್ಲ. ಬಾಯಾರಿಕೆ, ಮೂತ್ರ ಎರಡೂ ಒಟ್ಟಿಗೆ ಹೆಚ್ಚಿದ್ದರೆ, ಮಳೆಗಾಲ ಚಳಿಗಾಲಗಳಲ್ಲಿಯೂ ಅದು ಮುಂದುವರಿದರೆ, ದೋಷವನ್ನು ಬಿಸಿಲಿನ ಮೇಲೆ ಹೊರಿಸಬಾರದು. ಇಂತಹ ವೇಳೆಯಲ್ಲಿ ತಂಪು ಪಾನೀಯದ ಬಾಟಲಿ, ಕಬ್ಬಿನ ಹಾಲು ಕುಡಿದರೆ ಸಕ್ಕರೆ ಇನ್ನೂ ಏರಿ ಬಾಯಾರಿಕೆಯು ಮತ್ತಷ್ಟು ಹೆಚ್ಚುತ್ತದೆ.

ಮೂರು, ಉಂಡರೂ ಇಳಿಯುವ ಮೈ. ಹಸಿವೆ ಮೊದಲಿಗಿಂತ ಹೆಚ್ಚಾಗಿರುತ್ತದೆ, ಊಟವೂ ಆಗುತ್ತಿರುತ್ತದೆ. ಆದರೂ ಅಂಗಿ ಸಡಿಲವಾಗುತ್ತದೆ, ಕೈಬಳೆ ಜಾರುತ್ತದೆ. ಸಕ್ಕರೆಯನ್ನು ಬಳಸಿಕೊಳ್ಳಲಾಗದ ದೇಹವು ತನ್ನದೇ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿಕೊಳ್ಳುತ್ತಿರುತ್ತದೆ. ಇದರೊಡನೆ ಕೆಮ್ಮು, ಸಂಜೆಯ ಜ್ವರವಿದ್ದರೆ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಬೇಕು. ಮಧುಮೇಹವಿದ್ದವರಿಗೆ ಕ್ಷಯ ತಗಲುವ ಸಂಭವವು ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ನಾಲ್ಕು, ಕಾರಣವಿಲ್ಲದ ಆಯಾಸ. ರಾತ್ರಿ ನಿದ್ರೆಯಾದರೂ ಬೆಳಿಗ್ಗೆ ಮೈಯಲ್ಲಿ ಚೈತನ್ಯವಿಲ್ಲ. ಊಟವಾದೊಡನೆ ಕಣ್ಣು ಎಳೆಯುತ್ತದೆ. ನಿನ್ನೆಯವರೆಗೆ ಸುಲಭವಾಗಿದ್ದ ಕಾಯಕ ಇಂದು ಭಾರವಾಗಿದೆ. ರಕ್ತಹೀನತೆಯಿಂದಲೂ ಹೀಗಾಗುವುದುಂಟು. ಎರಡನ್ನೂ ಒಂದೇ ದಿನ ಪರೀಕ್ಷಿಸಿಕೊಳ್ಳಬಹುದು.

ಐದು, ಮಸುಕಾಗುವ ದೃಷ್ಟಿ. ಸಕ್ಕರೆಯ ಏರಿಳಿತದೊಡನೆ ಕಣ್ಣಿನ ಮಸೂರದಲ್ಲಿಯೂ ನೀರಿನ ಅಂಶ ಏರಿಳಿಯುತ್ತದೆ. ಒಂದು ವಾರ ಸ್ಪಷ್ಟ, ಇನ್ನೊಂದು ವಾರ ಮಸುಕು ಎಂಬಂತಾದರೆ ಹೊಸ ಕನ್ನಡಕ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಲೇಸು. ರಾತ್ರಿ ವಾಹನ ನಡೆಸುವವರು ಇದನ್ನು ಅಲಕ್ಷಿಸಲೇಬಾರದು.

ಆರು, ಮಾಯದ ಗಾಯ, ಮರಳಿ ಮರಳಿ ಬರುವ ಸೋಂಕು. ಕುರು, ತೊಡೆಸಂದಿಯ ತುರಿಕೆ, ಒಸಡಿನ ಊತ, ಹಲ್ಲು ಸಡಿಲಾಗುವುದು, ಮೂತ್ರದ ಉರಿ ಪದೇ ಪದೇ ಬರುತ್ತಿದ್ದರೆ ಸಕ್ಕರೆಯನ್ನು ಶಂಕಿಸಬೇಕು. ಹೆಣ್ಣುಮಕ್ಕಳಲ್ಲಿ ಬಿಳಿಸೆರಗು ಮತ್ತು ಗುಪ್ತಾಂಗದ ತುರಿಕೆ, ಗಂಡಸರಲ್ಲಿ ಮುಂದೊಗಲಿನ ಉರಿಯೂತ ಇವು ಎಷ್ಟೋ ಸಲ ಮೊದಲ ಸೂಚನೆಗಳಾಗಿರುತ್ತವೆ. ನಾಚಿಕೆಯಿಂದ ಇವನ್ನು ಯಾರಿಗೂ ಹೇಳದೆ ಅಂಗಡಿಯ ಮುಲಾಮು ಹಚ್ಚಿ ದಿನ ಕಳೆಯುವವರು ಬಹಳ. ಆಶಾ ಕಾರ್ಯಕರ್ತೆಯ ಮುಂದೆಯೋ ವೈದ್ಯರ ಮುಂದೆಯೋ ಇದನ್ನು ಹೇಳುವುದರಲ್ಲಿ ಸಂಕೋಚಪಡುವಂತಹುದು ಏನೂ ಇಲ್ಲ.

ಏಳು, ಕುತ್ತಿಗೆಯ ಕಪ್ಪು. ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಚರ್ಮವು ದಪ್ಪವಾಗಿ, ಮಖಮಲ್ಲಿನಂತೆ ಮೃದುವಾಗಿ ಕಪ್ಪುಗಟ್ಟುವುದುಂಟು. ಕೊಳೆಯೆಂದು ಮಕ್ಕಳ ಕುತ್ತಿಗೆಯನ್ನು ತಾಯಂದಿರು ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಅದು ಸಾಮಾನ್ಯವಾಗಿ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಓಗೊಡುತ್ತಿಲ್ಲವೆಂಬ ಗುರುತು. ಸಕ್ಕರೆ ಏರುವುದಕ್ಕೆ ಮೊದಲೇ ಕಾಣಿಸಿಕೊಳ್ಳಬಲ್ಲ ಈ ಗುರುತು ನಿಜವಾದ ಅರ್ಥದಲ್ಲಿ ಮುನ್ಸೂಚನೆ.

ಎಂಟು, ಪಾದಗಳ ಜುಮ್ಮು, ಉರಿ, ಮರಗಟ್ಟುವಿಕೆ. ಇದರ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕಾಗಿದೆ.

ಪಾದಗಳ ಮೌನ

ಬಹುಕಾಲ ಏರಿಯೇ ಇರುವ ಸಕ್ಕರೆಯು ನರಗಳನ್ನು ಹಾಳುಗೆಡಹುತ್ತದೆ. ದೇಹದಲ್ಲಿ ಅತಿ ಉದ್ದವಾದ ನರಗಳು ಪಾದಗಳಿಗೆ ಹೋಗುವಂತಹವು. ಆದ್ದರಿಂದ ತೊಂದರೆಯು ಮೊದಲು ಅಲ್ಲಿಯೇ ಕಾಣುತ್ತದೆ. ಆರಂಭದಲ್ಲಿ ಇರುವೆ ಹರಿದಂತೆ, ಸೂಜಿ ಚುಚ್ಚಿದಂತೆ, ರಾತ್ರಿಯಲ್ಲಿ ಅಂಗಾಲು ಉರಿದಂತೆ ಅನಿಸುತ್ತದೆ. ಮುಂದೆ ಆ ಉರಿಯೂ ಇಲ್ಲವಾಗುತ್ತದೆ. "ಈಗ ಆರಾಮ ಅದ" ಎಂದು ಸಂತೋಷಪಡುವವರುಂಟು. ಆದರೆ ಅದು ಗುಣವಾದ ಲಕ್ಷಣವಲ್ಲದೆ ಇರಬಹುದು. ನರವು ಮಾತನಾಡುವುದನ್ನೇ ನಿಲ್ಲಿಸಿರಬಹುದು.

ನೋವು ತಿಳಿಯದ ಪಾದವು ಅತ್ಯಂತ ಅಪಾಯದಲ್ಲಿರುವ ಪಾದ. ಚಪ್ಪಲಿ ಕಾಲಿನಿಂದ ಕಳಚಿಹೋದರೂ ಅರಿವಾಗುವುದಿಲ್ಲ. ಗಣಿಯ ಕಲ್ಲಿನ ಚೂರು, ತೊಗರಿ ಕಟಾವಿನ ನಂತರ ಹೊಲದಲ್ಲಿ ಉಳಿಯುವ ಚೂಪಾದ ಕೂಳೆ, ಬಿಸಿಲಿಗೆ ಕಾದ ಫರಸಿಕಲ್ಲು ಮಾಡಿದ ಗಾಯವು ರಕ್ತವನ್ನು ಕಣ್ಣಾರೆ ಕಂಡಾಗಲೇ ತಿಳಿಯುತ್ತದೆ. ರಕ್ತಸಂಚಾರವೂ ಕುಂದಿದ್ದರೆ ಗಾಯವು ಮಾಯದೆ ಕೊಳೆಯುತ್ತದೆ. ಬೆರಳನ್ನು, ಪಾದವನ್ನು ತೆಗೆಯಬೇಕಾದ ಪ್ರಸಂಗಗಳು ಹೀಗೆಯೇ ಒದಗುತ್ತವೆ.

ನಮ್ಮ ಭಾಗದ ಎಷ್ಟೋ ಭಕ್ತರು ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಬರಿಗಾಲಿನಲ್ಲಿ ನಡೆಯುವ ಹರಕೆ ಹೊತ್ತವರೂ ಇರುತ್ತಾರೆ. ಅವರ ಭಕ್ತಿಗೆ ನಾವು ಶರಣೆನ್ನುತ್ತೇವೆ. ಆದರೆ ಸಕ್ಕರೆ ಕಾಯಿಲೆಯಿದ್ದು ಪಾದಗಳಲ್ಲಿ ಸ್ಪರ್ಶ ಕುಂದಿದವರು ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆಯಬಾರದೆಂದು ವಿನಯದಿಂದ, ಆದರೆ ದೃಢವಾಗಿ ಹೇಳಬಯಸುತ್ತೇವೆ. ಗುಳ್ಳೆ ಎದ್ದದ್ದು ತಿಳಿಯುವುದೇ ಇಲ್ಲ. ಇಂತಹವರು ಹೊರಡುವ ಮುಂಚೆ ವೈದ್ಯರಿಂದ ಪಾದ ಪರೀಕ್ಷೆ ಮಾಡಿಸಿಕೊಳ್ಳಲಿ. ಮೆತ್ತನೆಯ ಪಾದರಕ್ಷೆ ತೊಡಲಿ. ತಂಗಿದಲ್ಲೆಲ್ಲ ಅಂಗಾಲನ್ನು ಕಣ್ಣಿನಿಂದ ನೋಡಿಕೊಳ್ಳಲಿ. ದೇವರು ಕೊಟ್ಟ ಕಾಲನ್ನು ಕಾಪಾಡಿಕೊಳ್ಳುವುದರಿಂದ ಹರಕೆಗೆ ಊನವಾಗದು.

ಕಾಯಿಲೆಯಿದ್ದವರು ದಿನಕ್ಕೊಮ್ಮೆ ಪಾದಗಳನ್ನು ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಹಿರಿಯರಿಗೆ ಬಾಗಲಾಗದಿದ್ದರೆ ಮನೆಯ ಮಕ್ಕಳು ನೋಡಲಿ. ಅತ್ತೆ ಮಾವಂದಿರ, ಅಜ್ಜ ಅಜ್ಜಿಯರ ಪಾದಗಳಿಗೆ ನಮಸ್ಕರಿಸುವ ನಮ್ಮ ಪದ್ಧತಿಯಲ್ಲಿ ಆ ಪಾದಗಳನ್ನು ಒಂದು ಕ್ಷಣ ಗಮನವಿಟ್ಟು ನೋಡುವುದು ಕಷ್ಟವಾಗಲಾರದು.

ಸೂಚನೆಯೇ ಇಲ್ಲದವರು

ಮೇಲಿನ ಎಂಟರಲ್ಲಿ ಒಂದೂ ಇಲ್ಲದವರು ನಿಶ್ಚಿಂತರಾಗಿರಬಹುದೇ? ಇಲ್ಲ. ಮೊದಲೇ ಹೇಳಿದಂತೆ ಈ ಕಾಯಿಲೆಯು ಬಹುಕಾಲ ಮೌನವಾಗಿರುತ್ತದೆ. ಆ ಮೌನದ ಕಾಲದಲ್ಲಿಯೂ ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡ, ಹೃದಯ, ನರಗಳಿಗೆ ಹಾನಿಯಾಗುತ್ತಲೇ ಇರಬಹುದು. ಆದ್ದರಿಂದ ಅಪಾಯದ ಸಂಭವವನ್ನು ಅಳೆಯಲು ಭಾರತೀಯರಿಗೆಂದೇ ಚೆನ್ನೈನ ತಜ್ಞರು ಒಂದು ಸರಳ ವಿಧಾನವನ್ನು ರೂಪಿಸಿದ್ದಾರೆ. ಅದು ವಿಚಾರಿಸುವುದು ನಾಲ್ಕೇ ಸಂಗತಿಗಳನ್ನು.

ನಿಮ್ಮ ವಯಸ್ಸು ಎಷ್ಟು? 35 ದಾಟಿದರೆ ಅಪಾಯ ಹೆಚ್ಚುತ್ತದೆ, 50 ದಾಟಿದರೆ ಇನ್ನೂ ಹೆಚ್ಚು.

ನಿಮ್ಮ ಸೊಂಟದ ಸುತ್ತಳತೆ ಎಷ್ಟು? ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮುಟ್ಟಿದರೆ ಎಚ್ಚರ. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಬಂದವರೂ ಇದರಲ್ಲಿ ಸೇರುತ್ತಾರೆ.

ಮೈ ಬೆವರುವಂತಹ ದುಡಿಮೆ ಅಥವಾ ವ್ಯಾಯಾಮ ಉಂಟೇ? ಹೊಲದ ಕೆಲಸ ಬಿಟ್ಟು ಅಂಗಡಿಯಲ್ಲಿ ಕುಳಿತವರು, ಕಚೇರಿಯ ನೌಕರರು, ನಿವೃತ್ತರು ಇದನ್ನು ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಬೇಕು.

ತಂದೆಗಾಗಲಿ ತಾಯಿಗಾಗಲಿ ಸಕ್ಕರೆ ಕಾಯಿಲೆ ಇದೆಯೇ? ಇಬ್ಬರಿಗೂ ಇದ್ದರೆ ಮಕ್ಕಳು ಹೆಚ್ಚು ಎಚ್ಚರದಿಂದಿರಬೇಕು.

ಇವಲ್ಲದೆ ರಕ್ತದ ಒತ್ತಡವಿರುವವರು, ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರು ಕೂಡ ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರದ ಕಾರ್ಯಕ್ರಮದಲ್ಲಿಯಂತೂ 30 ವರ್ಷ ತುಂಬಿದ ಪ್ರತಿಯೊಬ್ಬರಿಗೂ ತಪಾಸಣೆಯ ಅವಕಾಶವಿದೆ.

ಗರ್ಭಿಣಿಯರು ಮತ್ತು ಮಕ್ಕಳು

ಮೊದಲು ಸಕ್ಕರೆ ಕಾಯಿಲೆ ಇಲ್ಲದಿದ್ದವರಿಗೂ ಬಸಿರಿನಲ್ಲಿ ಸಕ್ಕರೆ ಏರಬಹುದು. ಸಾಮಾನ್ಯವಾಗಿ ಇದಕ್ಕೆ ಯಾವ ಸೂಚನೆಯೂ ಇರುವುದಿಲ್ಲ. ಹೆರಿಗೆ ಕಷ್ಟವಾಗುವುದು, ಮಗು ಅತಿಯಾಗಿ ಬೆಳೆಯುವುದು, ಹುಟ್ಟಿದ ಮಗುವಿನಲ್ಲಿ ಸಕ್ಕರೆ ಒಮ್ಮೆಲೆ ಕುಸಿಯುವುದು ಇದರ ಪರಿಣಾಮಗಳು. ಗರ್ಭಿಣಿಯು ಮೊದಲ ಸಲ ತಪಾಸಣೆಗೆ ಹೋದಾಗ ಒಮ್ಮೆ, ಮತ್ತೆ 24ರಿಂದ 28ನೆಯ ವಾರದಲ್ಲಿ ಒಮ್ಮೆ 75 ಗ್ರಾಂ ಗ್ಲುಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುತ್ತಾರೆ. ಫಲಿತಾಂಶವು 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪಥ್ಯ, ಚಿಕಿತ್ಸೆಗಳು ಬೇಕು. ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿರಿ.

ಮಕ್ಕಳಲ್ಲಿ ಬರುವ ಮೊದಲ ಬಗೆಯ ಮಧುಮೇಹವು ಬೇರೆಯೇ ಆದುದು. ಅದು ತಂದೆತಾಯಿಯರ ತಪ್ಪಿನಿಂದಾಗಲಿ, ಮಿಠಾಯಿ ತಿಂದುದರಿಂದಾಗಲಿ ಬರುವುದಲ್ಲ. ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹವೇ ನಾಶಮಾಡಿಕೊಳ್ಳುವುದರಿಂದ ಬರುತ್ತದೆ. ಇಲ್ಲಿ ವರ್ಷಗಳ ಅವಕಾಶವಿಲ್ಲ. ಕೆಲವೇ ವಾರಗಳಲ್ಲಿ ಮಗು ಸೊರಗುತ್ತದೆ. ಹಾಸಿಗೆಯಲ್ಲಿ ಮೂತ್ರ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ವಿಪರೀತ ನೀರು ಕುಡಿಯುತ್ತಿದ್ದರೆ, ಮೈ ಕರಗುತ್ತಿದ್ದರೆ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿನಲ್ಲಿ ಮಾಗಿದ ಹಣ್ಣಿನಂತಹ ವಾಸನೆ, ಮಂಪರು ಕಂಡರೆ ಅದು ಪ್ರಾಣಾಪಾಯದ ಸ್ಥಿತಿ. 108ಕ್ಕೆ ಕರೆ ಮಾಡಿ ತಡವಿಲ್ಲದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ದೃಷ್ಟಿಯಾಗಿದೆಯೆಂದು ನಿವಾಳಿಸುತ್ತಾ, ತಾಯತ ಕಟ್ಟಿಸುತ್ತಾ ಕಳೆಯುವ ಒಂದು ರಾತ್ರಿಯು ಮಗುವಿನ ಜೀವಕ್ಕೆ ಮುಳುವಾದೀತು.

ಒಂದು ಕಾಲದಲ್ಲಿ ಇಂತಹ ಮಕ್ಕಳು ಉಳಿಯುತ್ತಲೇ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಅವರು ಇನ್ಸುಲಿನ್ನನ್ನು ಬೇರ್ಪಡಿಸಿದರು; 1922ರ ಜನವರಿಯಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಅದನ್ನು ಕೊಡಲಾಯಿತು. ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವಾಗಿ ಆಚರಿಸುತ್ತಾರೆ. ಇಂದು ಇನ್ಸುಲಿನ್ ಪಡೆಯುವ ಮಗು ಶಾಲೆಗೆ ಹೋಗಿ, ಆಡಿ, ಬೆಳೆದು ಎಲ್ಲರಂತೆಯೇ ಬಾಳಬಲ್ಲದು.

ಪರೀಕ್ಷೆ ಹೇಗೆ, ಎಲ್ಲಿ?

ಬೆರಳ ತುದಿಯ ಒಂದು ಹನಿ ರಕ್ತದಿಂದ ಗ್ಲುಕೋಮೀಟರಿನಲ್ಲಿ ನೋಡುವುದು ಮೊದಲ ತಪಾಸಣೆ. ಅದರಲ್ಲಿ ಏರಿಕೆ ಕಂಡರೆ ಪ್ರಯೋಗಾಲಯದಲ್ಲಿ ರಕ್ತನಾಳದ ರಕ್ತವನ್ನು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಅಳತೆಗಳಿವು:

ಬರಿಹೊಟ್ಟೆಯಲ್ಲಿ (ಎಂಟು ಗಂಟೆ ಏನನ್ನೂ ಸೇವಿಸದೆ): 100ಕ್ಕಿಂತ ಕಡಿಮೆ ಸಹಜ, 100ರಿಂದ 125 ಹೊಸ್ತಿಲ ಸ್ಥಿತಿ, 126 ಅಥವಾ ಹೆಚ್ಚು ಮಧುಮೇಹ.

75 ಗ್ರಾಂ ಗ್ಲುಕೋಸ್ ಕುಡಿದ ಎರಡು ಗಂಟೆಯ ನಂತರ: 140ಕ್ಕಿಂತ ಕಡಿಮೆ ಸಹಜ, 140ರಿಂದ 199 ಹೊಸ್ತಿಲ ಸ್ಥಿತಿ, 200 ಅಥವಾ ಹೆಚ್ಚು ಮಧುಮೇಹ.

ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ: ಶೇ. 5.7ಕ್ಕಿಂತ ಕಡಿಮೆ ಸಹಜ, 5.7ರಿಂದ 6.4 ಹೊಸ್ತಿಲ ಸ್ಥಿತಿ, 6.5 ಅಥವಾ ಹೆಚ್ಚು ಮಧುಮೇಹ. ರಕ್ತಹೀನತೆಯಿರುವವರಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಅದನ್ನು ವೈದ್ಯರ ಗಮನಕ್ಕೆ ತರಬೇಕು.

ಸೂಚನೆಗಳಿಲ್ಲದೆ ಕೇವಲ ಒಂದು ಸಂಖ್ಯೆ ಏರಿದ್ದರೆ ಗಾಬರಿಯಾಗದೆ ಇನ್ನೊಮ್ಮೆ ಪರೀಕ್ಷಿಸಿ ನಿರ್ಧರಿಸುವುದು ಕ್ರಮ.

ಇದಕ್ಕಾಗಿ ಕಲಬುರಗಿಯವರೆಗೆ ಹೋಗಬೇಕೆಂದಿಲ್ಲ. ನಮ್ಮ ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತಾಲ್ಲೂಕು ಆಸ್ಪತ್ರೆಗಳಲ್ಲಿ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಸಕ್ಕರೆ ಮತ್ತು ರಕ್ತದೊತ್ತಡಗಳ ತಪಾಸಣೆಯನ್ನು ಉಚಿತವಾಗಿ ಮಾಡುತ್ತಾರೆ. ರಾಜ್ಯ ಸರ್ಕಾರವು 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯ ಆಶಯವು ಮನೆಬಾಗಿಲಿಗೇ ತಪಾಸಣೆಯನ್ನು ಒಯ್ಯುವುದಾಗಿದೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ವಯಸ್ಸು, ಸೊಂಟದ ಅಳತೆ, ಮನೆತನದ ಕಾಯಿಲೆಗಳನ್ನು ಕೇಳಿದರೆ ಬೇಸರಿಸದೆ ಉತ್ತರಿಸೋಣ. ಸಂದೇಹಗಳಿದ್ದರೆ 104 ಆರೋಗ್ಯವಾಣಿಗೆ ಕರೆ ಮಾಡಬಹುದು.

ಕಾಯಿಲೆ ಇದೆಯೆಂದು ತಿಳಿದವರು ವರ್ಷಕ್ಕೊಮ್ಮೆ ಮೂರು ಪರೀಕ್ಷೆಗಳನ್ನು ಮರೆಯಬಾರದು: ಕಣ್ಣಿಗೆ ಔಷಧಿ ಹಾಕಿ ಅಕ್ಷಿಪಟಲದ ಪರೀಕ್ಷೆ, ಮೂತ್ರಪಿಂಡಕ್ಕಾಗಿ ಮೂತ್ರ ಹಾಗೂ ರಕ್ತದ ಪರೀಕ್ಷೆ, ಪಾದದ ಸ್ಪರ್ಶಜ್ಞಾನದ ಪರೀಕ್ಷೆ.

ಕೆಲವು ತಪ್ಪು ತಿಳಿವಳಿಕೆಗಳು

"ಮೂತ್ರಕ್ಕೆ ಇರುವೆ ಮುತ್ತಿಲ್ಲ, ಆದ್ದರಿಂದ ಕಾಯಿಲೆ ಇಲ್ಲ." ಇರುವೆಗಳು ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದುದು ನಿಜ. ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಸುಶ್ರುತನು ಪ್ರಮೇಹವನ್ನು ಎರಡಾಗಿ ವಿಂಗಡಿಸಿದ್ದುದೂ ಉಂಟು. ರಕ್ತ ಪರೀಕ್ಷೆ ಇಲ್ಲದ ಕಾಲದಲ್ಲಿ ಅದು ದೊಡ್ಡ ಅರಿವು. ಆದರೆ ಇರುವೆ ಬರುವುದು ಸಕ್ಕರೆಯು ಮೂತ್ರಕ್ಕೆ ಬಿದ್ದ ಮೇಲೆ. ಅಲ್ಲಿಯವರೆಗೆ ಕಾಯುವುದು ಇಂದು ಜಾಣತನವಲ್ಲ.

"ನಾವು ಸಕ್ಕರೆ ತಿನ್ನುವುದಿಲ್ಲ, ಬೆಲ್ಲ ತಿನ್ನುತ್ತೇವೆ." ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ.

"ಜೋಳದ ರೊಟ್ಟಿ ಎಷ್ಟು ತಿಂದರೂ ಅಡ್ಡಿಯಿಲ್ಲ." ನಾರಿನಂಶವಿರುವ ಜೋಳವು ಪಾಲಿಶ್ ಅಕ್ಕಿಗಿಂತ ಮೇಲು. ಆದರೂ ಅದರಲ್ಲಿಯೂ ಪಿಷ್ಟವಿದೆ. ಹೊಲದಲ್ಲಿ ದುಡಿಯುವವನ ನಾಲ್ಕು ರೊಟ್ಟಿಯ ಊಟ ಕುಳಿತಿರುವವನಿಗೆ ಹೊಂದದು.

"ಒಮ್ಮೆ ಗುಳಿಗೆ ಹಿಡಿದರೆ ಬಿಡಲಾಗದು, ಅದಕ್ಕೇ ಬೇಡ." ಹಾನಿ ಮಾಡುವುದು ಹತೋಟಿಯಿಲ್ಲದ ಸಕ್ಕರೆಯೇ ಹೊರತು ಗುಳಿಗೆಯಲ್ಲ. ನಾಟಿ ಔಷಧಿ, ಕಷಾಯಗಳನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಹೊಸ್ತಿಲಿನಿಂದ ಹಿಂದಿರುಗಬಹುದು

ಹೊಸ್ತಿಲ ಸ್ಥಿತಿಯಲ್ಲಿರುವವರಿಗೆ ಒಂದು ಭರವಸೆಯ ಮಾತಿದೆ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಧುಮೇಹ ತಡೆಯ ಅಧ್ಯಯನದಲ್ಲಿ ಆಹಾರವನ್ನು ತಿದ್ದಿಕೊಂಡು ನಡಿಗೆಯನ್ನು ರೂಢಿಸಿಕೊಂಡವರಲ್ಲಿ ಕಾಯಿಲೆಗೆ ಜಾರುವ ಸಂಭವವು ಶೇ. 28ರಷ್ಟು ಕಡಿಮೆಯಾಯಿತು. ಅದಕ್ಕೆ ದುಬಾರಿ ಪದಾರ್ಥಗಳು ಬೇಕಾಗಿಲ್ಲ. ತಟ್ಟೆಯ ಅರ್ಧ ಭಾಗ ತರಕಾರಿ, ಪುಂಡಿಪಲ್ಯ, ಮೆಂತ್ಯಸೊಪ್ಪು, ಸೌತೆಕಾಯಿ. ಕಾಲು ಭಾಗ ನಮ್ಮದೇ ಹೊಲದ ತೊಗರಿಬೇಳೆ, ಹೆಸರುಕಾಳು. ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ಚಹಾದ ಸಕ್ಕರೆಯನ್ನು ಬಿಡುವುದು, ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯುವುದು, ತಂಬಾಕನ್ನು ತ್ಯಜಿಸುವುದು. ಇಷ್ಟೇ ಆರಂಭಕ್ಕೆ ಸಾಕು.

ಇಲ್ಲಿ ದಾಸೋಹದ ಬಗ್ಗೆ ಒಂದು ಮಾತು ಹೇಳಲೇಬೇಕು. ಜಾತ್ರೆ, ಪುರಾಣ ಮಂಗಲ, ಮದುವೆಗಳಲ್ಲಿ ಹುಗ್ಗಿ, ಹೋಳಿಗೆ, ಸಜ್ಜಕಗಳನ್ನು ಒತ್ತಾಯದಿಂದ ಬಡಿಸುವುದು ನಮ್ಮ ಪ್ರೀತಿಯ ರೀತಿ. ಬೇಡವೆಂದರೆ ಪ್ರಸಾದಕ್ಕೆ ಅಗೌರವವೆಂಬ ಅಳುಕಿನಿಂದ ಕಾಯಿಲೆಯವರೂ ಉಣ್ಣುತ್ತಾರೆ. ಪ್ರಸಾದವು ತುತ್ತಿನ ಗಾತ್ರದಲ್ಲಿಲ್ಲ, ಸ್ವೀಕರಿಸುವ ಭಾವದಲ್ಲಿದೆ. ಕಾಳಿನಷ್ಟನ್ನು ಕಣ್ಣಿಗೊತ್ತಿಕೊಂಡು ಸೇವಿಸಿದರೂ ಅದು ಪ್ರಸಾದವೇ. ಬಡಿಸುವವರು ಒಮ್ಮೆ ಸಾಕೆಂದವರನ್ನು ಮತ್ತೆ ಒತ್ತಾಯಿಸದಿರೋಣ. ಪಂಕ್ತಿಯಲ್ಲಿ ಕೋಸಂಬರಿ, ಪಲ್ಯ, ಮಜ್ಜಿಗೆಗಳೂ ಧಾರಾಳವಾಗಿರಲಿ.

ಈ ತಿಂಗಳು ಮಾಡಬೇಕಾದುದು

ಈ ಲೇಖನವನ್ನು ಓದಿ ಪತ್ರಿಕೆಯನ್ನು ಮಡಚಿಡುವ ಮೊದಲು ಮನೆಯವರೆಲ್ಲರೂ ಕುಳಿತು ತಮ್ಮನ್ನು ತಾವು ಕೇಳಿಕೊಳ್ಳಲಿ. ರಾತ್ರಿ ಎಷ್ಟು ಸಲ ಏಳುತ್ತೇವೆ? ಕಾರಣವಿಲ್ಲದೆ ಮೈ ಇಳಿದಿದೆಯೇ? ಮಾಯದ ಗಾಯ, ನಿಲ್ಲದ ತುರಿಕೆ ಉಂಟೇ? ಪಾದಗಳಿಗೆ ನೆಲದ ಸ್ಪರ್ಶ ಮೊದಲಿನಂತೆಯೇ ತಿಳಿಯುತ್ತಿದೆಯೇ? ಸೊಂಟದ ಅಳತೆ ಎಷ್ಟು? ತಂದೆತಾಯಿಯರಿಗೆ ಕಾಯಿಲೆ ಇತ್ತೇ? ಕಡೆಯ ಸಲ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?

ಕಡೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ, ವಯಸ್ಸು 30 ದಾಟಿದ್ದರೆ, ಉಳಿದ ಉತ್ತರಗಳು ಏನೇ ಇರಲಿ, ಈ ತಿಂಗಳೊಳಗೆ ಒಂದು ಮುಂಜಾನೆ ಬರಿಹೊಟ್ಟೆಯಲ್ಲಿ ಆರೋಗ್ಯ ಕೇಂದ್ರಕ್ಕೆ ಹೋಗಿ ಬರೋಣ. ಹೆಣ್ಣುಮಕ್ಕಳು ಮನೆಯವರನ್ನೆಲ್ಲ ಕಳುಹಿಸಿ ತಾವು ಉಳಿದುಬಿಡುವುದೇ ಹೆಚ್ಚು. ಅವರನ್ನು ಮುಂದಾಗಿ ಕರೆದೊಯ್ಯಬೇಕು.

ಕಾಯಕವೇ ಬದುಕೆಂದು ನಂಬಿದವರು ನಾವು. ಆ ಕಾಯಕಕ್ಕೆ ಕಾಯವೇ ಆಧಾರ. ಅದು ಬಾಯಾರಿಕೆಯಾಗಿ, ಆಯಾಸವಾಗಿ, ಅಂಗಾಲಿನ ಉರಿಯಾಗಿ ಮಾತನಾಡಿದಾಗ ಬಿಸಿಲಿನ ಮೇಲೆ, ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ ಕಿವಿಗೊಡೋಣ. ಬೇಗ ತಿಳಿದವರು ಕಣ್ಣು, ಕಾಲು, ಮೂತ್ರಪಿಂಡಗಳನ್ನು ಉಳಿಸಿಕೊಂಡು ದೀರ್ಘಕಾಲ ಸುಖವಾಗಿ ಬಾಳಬಲ್ಲರು.

ಎಲ್ಲ ಸದ್ಭಕ್ತರಿಗೂ ಆರೋಗ್ಯಭಾಗ್ಯ ಒದಗಲಿ.